ಸದ್ದಾದ ಬಳಿಕ ನಿವೇದಿಸಿರಿ

ನಾನು ಕನ್ನಡ ಎಂ.ಎ. ಓದಿದವನು. ಪಂಪನ ಪದ್ಯವೊಂದನ್ನು ಬಿಡಿಸಿ ಅನ್ವಯ ಹೇಳೆಂದರೆ ಹಿಂದೆಗೆಯುವವನಲ್ಲ. ಆದರೆ ಮನೆಯಲ್ಲಿ ಮಿಕ್ಸಿಯ ಜಾಡಿ ಸಿಕ್ಕಿಕೊಂಡರೆ ಅದನ್ನು ಬಿಡಿಸುವವಳು ನನ್ನ ಹೆಂಡತಿಯೇ. ಇಂಥ ನನ್ನನ್ನು ಕಳೆದ ವರ್ಷ ನಮ್ಮ ಪ್ರಿನ್ಸಿಪಾಲರು ಕಾಲೇಜಿನ ಟೆಲಿಫೋನು ಯಂತ್ರದ ನವೀಕರಣ ಸಮಿತಿಗೆ ನೇಮಿಸಿದಾಗ, ಅಧ್ಯಾಪಕರ ಕೊಠಡಿಯಲ್ಲಿ ನಗೆಯೆದ್ದದ್ದು ಸಹಜವೇ. ಭೌತಶಾಸ್ತ್ರದ ಮಿತ್ರರಂತೂ, "ಇನ್ನು ಮೇಲೆ ನಮ್ಮ ಫೋನು ಕಂದಪದ್ಯದಲ್ಲಿಯೇ ಮಾತಾಡೀತು!" ಎಂದುಬಿಟ್ಟರು. ಮುಂದೆ ನಡೆದುದನ್ನು ನೆನೆದರೆ, ಆ ಹಾಸ್ಯವು ಅಷ್ಟೇನೂ ಹುಸಿಯಾಗಲಿಲ್ಲವೆಂದು ಈಗ ತೋರುತ್ತದೆ.

ಯಂತ್ರದ ವಿಚಾರವನ್ನು ಮೊದಲು ಹೇಳಿಬಿಡುತ್ತೇನೆ. ಕಚೇರಿಯ ಗೋಡೆಯ ಮೇಲೆ, ಸರಸ್ವತಿಯ ಪಟದ ಕೆಳಗೆ ತೂಗುತ್ತಿರುವ ಬಿಳಿಯ ಪೆಟ್ಟಿಗೆಯದು. ಇಪಿಎಬಿಎಕ್ಸ್ ಎಂದು ಅದರ ನಾಮಧೇಯ. ಹೊರಗಿನಿಂದ ಬರುವ ನಾಲ್ಕು ಲೈನುಗಳನ್ನು ಒಳಗಿನ 32 ಫೋನುಗಳಿಗೆ ಹಂಚುವುದು ಅದರ ಕಾಯಕ. ಗ್ರಂಥಾಲಯಕ್ಕೆ ಎಷ್ಟು, ರಸಾಯನಶಾಸ್ತ್ರಕ್ಕೆ ಎಷ್ಟು, ಹಾಸ್ಟೆಲಿನ ಕಾವಲುಗಾರನಿಗೆ ಎಷ್ಟು ಎಂಬ ಸಂಖ್ಯೆಗಳೆಲ್ಲ ನಮ್ಮ ಜವಾನನಿಗೆ ಕಂಠಪಾಠ. ಅವನು ಕಚೇರಿಯ ಸೇವೆಯಲ್ಲಿ ತಲೆ ನರೆಸಿಕೊಂಡವನು. ನಮಗಿಂತ ಮೊದಲು ಬಂದವನು.

ಹಿಂದೆ ಈ ಹಂಚುವ ಕೆಲಸವನ್ನು ಮನುಷ್ಯರೇ ಮಾಡುತ್ತಿದ್ದರು. ಕರೆದವರಿಗೆ ಯಾರು ಬೇಕೆಂದು ಕೇಳಿ, ಕೈಯಿಂದ ತಂತಿ ಸಿಕ್ಕಿಸಿ ಕೂಡಿಸುತ್ತಿದ್ದರು. ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ ಶವಸಂಸ್ಕಾರದ ವೃತ್ತಿಯಲ್ಲಿದ್ದ ಸ್ಟ್ರೋಜರ್ ಎಂಬಾತನಿಗೆ, ತನ್ನ ಗಿರಾಕಿಗಳ ಕರೆಗಳನ್ನು ಆಪರೇಟರು ಎದುರಾಳಿಯ ಅಂಗಡಿಗೆ ತಿರುಗಿಸುತ್ತಾಳೆಂಬ ಗುಮಾನಿ ಬಂದಿತಂತೆ. ಆ ಗುಮಾನಿಯ ಫಲವಾಗಿಯೇ ಮನುಷ್ಯರ ನೆರವಿಲ್ಲದೆ ಕರೆಗಳನ್ನು ಕೂಡಿಸುವ ಯಂತ್ರಕ್ಕೆ 1891ರಲ್ಲಿ ಆತ ಪೇಟೆಂಟು ಪಡೆದನೆಂದು ಕಥೆ. ನಮ್ಮ ದೇಶದ ಕಥೆ ಇದಕ್ಕಿಂತ ಹೃದ್ಯವಾದದ್ದು. 1984ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆಯವರು ಹಳ್ಳಿಯ ಬಿಸಿಲು ಧೂಳುಗಳನ್ನು ತಡೆದುಕೊಂಡು, ಹವಾನಿಯಂತ್ರಣದ ಹಂಗಿಲ್ಲದೆ ನಡೆಯಬಲ್ಲ 128 ಲೈನುಗಳ ಎಕ್ಸ್‌ಚೇಂಜನ್ನು ರಚಿಸಿ, 1986ರಲ್ಲಿ ಮೊದಲಿಗೆ ಸ್ಥಾಪಿಸಿದ್ದು ನಮ್ಮ ಚೆನ್ನಮ್ಮನ ಕಿತ್ತೂರಿನಲ್ಲಿ. ಊರಿನಿಂದ ಒಂದು ಕರೆ ಬರಲು ದಿನವೆಲ್ಲ ಕಾಯುತ್ತಿದ್ದ ಕಾಲವದು. ಈ ಸಂಗತಿಗಳನ್ನೆಲ್ಲ ನಾನು ಸಮಿತಿಯ ಮೊದಲ ಸಭೆಯಲ್ಲಿ ವಿಸ್ತಾರವಾಗಿ ವಿವರಿಸಿದೆ. ಪ್ರಿನ್ಸಿಪಾಲರು ಗಡಿಯಾರ ನೋಡಿಕೊಂಡರು.

ಯಂತ್ರವು ಚೆನ್ನಾಗಿಯೇ ಇರುವಾಗ ನವೀಕರಣವೇಕೆಂದು ಓದುಗರು ಕೇಳಬಹುದು. ಹೊರಗಿನ ಲೋಕ ಬದಲಾದರೆ ಒಳಗಿನ ಯಂತ್ರವೂ ಬದಲಾಗಬೇಕಷ್ಟೆ. 2021ರ ಜನವರಿ 15ರಿಂದ ಸ್ಥಿರ ದೂರವಾಣಿಯಿಂದ ಮೊಬೈಲಿಗೆ ಕರೆ ಮಾಡುವಾಗ ಮೊದಲಿಗೆ ಸೊನ್ನೆ ಒತ್ತಬೇಕೆಂಬ ನಿಯಮ ಬಂದಿತು. ನಮ್ಮ ಕಾಲೇಜಿನಿಂದ ಹೊರಗೆ ಹೋಗುವುದಕ್ಕೇ ಒಂದು ಸೊನ್ನೆ. ಅದರ ಮೇಲೆ ಇದೊಂದು. ಎರಡು ಸೊನ್ನೆಗಳ ಗಣಿತ ಅಧ್ಯಾಪಕರಿಗೆ ರೂಢಿಯಾಗಲು ತಿಂಗಳು ಹಿಡಿಯಿತು. ಈಗ ತಾಮ್ರದ ತಂತಿಗಳು ಹೋಗಿ, ಬೆಳಕನ್ನು ಹೊರುವ ಗಾಜಿನ ಎಳೆ ಬಂದಿದೆ. ಹಳೆಯ ಪೆಟ್ಟಿಗೆಗೆ ಹೊಸ ಎಳೆಯ ಭಾಷೆ ತಿಳಿಯದು. ಪೆಟ್ಟಿಗೆಯನ್ನೇ ಎಸೆಯುವ ಬದಲು, ಅದರೊಳಗೊಂದು ಹೊಸ ಕಾರ್ಡನ್ನು ಕೂಡಿಸಿ, ಸಾಫ್ಟ್‌ವೇರನ್ನು ಬದಲಾಯಿಸಿದರೆ ಸಾಕೆಂದು ತೀರ್ಮಾನವಾಯಿತು.

ಒಂದು ಶನಿವಾರ ಮಧ್ಯಾಹ್ನ ತರುಣ ಇಂಜಿನಿಯರೊಬ್ಬರು ಲ್ಯಾಪ್‌ಟಾಪಿನೊಡನೆ ಬಂದರು. ಮೊದಲು ಹಳೆಯ ವ್ಯವಸ್ಥೆಯ ಪ್ರತಿಯೊಂದನ್ನು ತೆಗೆದಿಟ್ಟುಕೊಂಡರು. ಹೊಸದನ್ನು ತುಂಬುವಾಗ ವಿದ್ಯುತ್ತು ಹೋದರೆ ಪೆಟ್ಟಿಗೆಯೇ ನಿಷ್ಪ್ರಯೋಜಕವಾದೀತೆಂದು ಯುಪಿಎಸ್ಸಿನ ಪಕ್ಕದಲ್ಲಿ ಜವಾನನನ್ನು ನಿಲ್ಲಿಸಿದರು. ಪೆಟ್ಟಿಗೆಯ ದೀಪಗಳೆಲ್ಲ ಆರಿ, ಎರಡು ನಿಮಿಷ ನಮ್ಮ ಉಸಿರನ್ನು ಹಿಡಿಸಿ, ಮತ್ತೆ ಒಂದೊಂದಾಗಿ ಹೊತ್ತಿಕೊಂಡವು. ತೆಗೆದಿಟ್ಟಿದ್ದ ಪ್ರತಿಯಿಂದ ಸಂಖ್ಯೆಗಳೆಲ್ಲ ತಮ್ಮ ತಮ್ಮ ಸ್ಥಾನಕ್ಕೆ ಹಿಂತಿರುಗಿದವು.

ನನ್ನ ಪಾಲಿನ ಕಾರ್ಯ ಆರಂಭವಾದದ್ದು ಆಗ. ಹೊಸ ಸಾಫ್ಟ್‌ವೇರಿನಲ್ಲಿ ಧ್ವನಿಪೆಟ್ಟಿಗೆಯೆಂಬ ಸೌಲಭ್ಯವಿತ್ತು. ಕರೆದವರಿಗೆ ಸ್ವಾಗತ ಹೇಳುವ, ಕಚೇರಿ ಮುಚ್ಚಿದ್ದರೆ ಸಂದೇಶ ಬಿಡಿರೆನ್ನುವ ಮಾತುಗಳು ಬೇಕು. ಎರಡು ರಾತ್ರಿ ಕುಳಿತು ಅವನ್ನು ರಚಿಸಿದ್ದೆ. 'ಒತ್ತಿರಿ' ಎಂದರೆ ಒರಟಾದೀತೇ, 'ಅದುಮಿರಿ' ಎಂದರೆ ಗ್ರಾಮ್ಯವಾದೀತೇ ಎಂದು ಹೆಂಡತಿಯೊಡನೆ ಚರ್ಚಿಸಿದ್ದೆ. ಅವಳು, "ಫೋನ್ ಮಾಡಿದೋರಿಗೆ ಅರ್ಥವಾದ್ರೆ ಸಾಲದೇ?" ಎಂದಳು. ಸಾಲದೆಂದು ನನ್ನ ಅಭಿಪ್ರಾಯ. ಕೊನೆಗೆ, "ಕಚೇರಿಯ ವೇಳೆಯು ಸಮಾಪ್ತವಾಗಿರುತ್ತದೆ. ತಮ್ಮ ಸಂದೇಶವನ್ನು ಸದ್ದಾದ ಬಳಿಕ ನಿವೇದಿಸಿರಿ" ಎಂಬ ವಾಕ್ಯವನ್ನು ನನ್ನ ಕಂಠದಲ್ಲಿಯೇ ಮುದ್ರಿಸಿದೆ. 'ನಿವೇದಿಸಿರಿ' ಎಂಬಲ್ಲಿ ದನಿ ಕೊಂಚ ಕಂಪಿಸಿತೆಂದು ಮೂರು ಬಾರಿ ತಿರುಗಿ ಮುದ್ರಿಸಿದ್ದಾಯಿತು.

ಮೂರನೆಯ ಬಾರಿ ಮುದ್ರಿಸುತ್ತಿರುವಾಗ ಜವಾನನು ಬಾಗಿಲಲ್ಲಿ ನಿಂತು, "ಸಾರ್, ಸಾಯಂಕಾಲದ ಮೇಲೆ ಫೋನು ಹಾಸ್ಟೆಲ್ ಗೇಟಿಗೆ ಹೋಗ್ತಿತ್ತಲ್ಲ, ಅದನ್ನೊಂದು ಸಲ ನೋಡಿಬಿಟ್ಟಿದ್ರೆ..." ಎಂದ. ಮುದ್ರಣ ಕೆಟ್ಟಿತೆಂದು ನನಗೆ ಸಿಡುಕು ಬಂದಿತು. "ಎಲ್ಲವೂ ಬ್ಯಾಕಪ್ಪಿನಲ್ಲಿದೆಯಪ್ಪ, ತಾನಾಗಿಯೇ ಬರುತ್ತೆ" ಎಂದೆ. ಅವನು ಸುಮ್ಮನೆ ಹೋದ. 32 ಫೋನುಗಳನ್ನೂ ಹಗಲಿನಲ್ಲಿ ಪರೀಕ್ಷಿಸಿ, ಸರಿಯಾಗಿದೆಯೆಂದು ರುಜು ಹಾಕಿ ನಾವೆಲ್ಲ ಮನೆಗೆ ಹೋದೆವು.

ಸೋಮವಾರ ಬೆಳಿಗ್ಗೆ ಕಚೇರಿಯ ಫೋನಿನ ಮೇಲೆ ಕೆಂಪು ದೀಪ ಮಿನುಗುತ್ತಿತ್ತು. ನನ್ನ ವಾಕ್ಯಕ್ಕೆ ಮೊದಲ ಫಲ ದೊರೆಯಿತೆಂಬ ಹಿಗ್ಗಿನಿಂದ ಗುಂಡಿ ಒತ್ತಿದೆ. ಮೂರು ಸಂದೇಶಗಳಿದ್ದವು. ಮೂರೂ ಭಾನುವಾರ ರಾತ್ರಿಯವು. ಮೂರೂ ಒಂದೇ ದನಿ.

"ಹಲೋ... ಸ್ವಾಮೀ... ಹಾಸ್ಟೆಲ್ ಅಲ್ವಾ ಇದು?" ಅಷ್ಟೇ ಮೊದಲನೆಯದು. ಬಳಿಕ ಬರೀ ಉಸಿರು, ಹಿಂದೆ ಯಾರೋ ಹೆಂಗಸರ ಮಾತು.

ಎರಡನೆಯದು ಹದಿನೈದು ನಿಮಿಷದ ತರುವಾಯ. "ಸ್ವಾಮೀ, ನೀವು ಹೇಳಿದ್ದು ತಿಳೀಲಿಲ್ಲ. ನನ್ನ ಮಗ ಅಲ್ಲಿ ಓದ್ತಾನೆ. ಅವನ ಫೋನು ಹತ್ತುತ್ತಿಲ್ಲ. ಸ್ವಲ್ಪ ಕರೀತೀರಾ? ಕಾಯ್ತೀನಿ." ಆತ ನಿಜವಾಗಿಯೂ ಕಾದಿದ್ದ. ಯಂತ್ರವು ತಾನಾಗಿ ಕಡಿದುಕೊಳ್ಳುವವರೆಗೂ ಆ ಮೌನ ಮುದ್ರಿತವಾಗಿತ್ತು.

ಮೂರನೆಯದರಲ್ಲಿ ದನಿ ಇಳಿದಿತ್ತು. "ಸ್ವಾಮೀ, ನೀವು ಹೇಳಿ ಮುಗಿಸಿದ ಮೇಲೇ ನಾನು ಮಾತಾಡ್ತಿದೀನಿ. ಅವನ ಅಜ್ಜಿಗೆ ಜಾಸ್ತಿಯಾಗಿದೆ. ಅವನ ಹೆಸರೇ ಹಿಡಿದು ಕರೀತಿದೆ. ರಾತ್ರಿ ಬಸ್ಸಿಗೇ ಹೊರಡು ಅಂತ ಒಂದು ಮಾತು ಹೇಳಿಬಿಡಿ. ಪುಣ್ಯ ಬರುತ್ತೆ."

ನಾನು ಕೈಯಲ್ಲಿ ಫೋನು ಹಿಡಿದು ನಿಂತೇ ಇದ್ದೆ. ಜವಾನನು ನನ್ನ ಮುಖ ನೋಡಿ, ಏನೊಂದೂ ಕೇಳದೆ ಹಾಸ್ಟೆಲಿನತ್ತ ಓಡಿದ. ಹುಡುಗನ ಮೊಬೈಲು ನೀರಿಗೆ ಬಿದ್ದು ಎರಡು ದಿನದಿಂದ ರಿಪೇರಿ ಅಂಗಡಿಯಲ್ಲಿತ್ತು. ಪ್ರವೇಶ ಶುಲ್ಕದ ರಸೀತಿಯಲ್ಲಿ ಅಚ್ಚಾಗಿದ್ದ ಕಾಲೇಜಿನ ಸಂಖ್ಯೆಯೊಂದೇ ತಂದೆಗೆ ಗೊತ್ತಿದ್ದದ್ದು. ಹುಡುಗನನ್ನು ಬಸ್ಸು ಹತ್ತಿಸಿದೆವು. ಅವನು ಊರು ಮುಟ್ಟಿದ್ದು ಮಧ್ಯಾಹ್ನ. ಆ ಮುದುಕಿ ಹೋದದ್ದು ಬೆಳಗಿನ ಜಾವ. ಮುಖ ಸಿಕ್ಕಿತು, ಮಾತು ಸಿಕ್ಕಲಿಲ್ಲ.

ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ಹಳೆಯ ಸಾಫ್ಟ್‌ವೇರಿನಲ್ಲಿ ಸಂಜೆ ಐದೂವರೆಯ ನಂತರದ ಕರೆಗಳು ಹಾಸ್ಟೆಲ್ ಗೇಟಿಗೆ ಹೋಗುವ ಏರ್ಪಾಡಿತ್ತು. ಹೊಸದರಲ್ಲಿ ಆ ಏರ್ಪಾಡಿಗೆ ಬೇರೆಯೇ ಅಂಕಣ. ಹಳೆಯ ಪ್ರತಿಯಿಂದ ಅದೊಂದು ಮಾತ್ರ ದಾಟಿ ಬಂದಿರಲಿಲ್ಲ. ಬರಿದಾದ ಅಂಕಣದಲ್ಲಿ ಯಂತ್ರವು ತನಗೆ ತಿಳಿದಂತೆ ಧ್ವನಿಪೆಟ್ಟಿಗೆಯನ್ನು ತುಂಬಿಕೊಂಡಿತ್ತು. ಇಂಜಿನಿಯರು ಸೋಮವಾರವೇ ಬಂದು ಐದು ನಿಮಿಷದಲ್ಲಿ ಸರಿಪಡಿಸಿ, "ರಾತ್ರಿ ಒಂದು ಟೆಸ್ಟ್ ಕಾಲ್ ಮಾಡಿದ್ದರೆ ಗೊತ್ತಾಗುತ್ತಿತ್ತು ಸಾರ್" ಎಂದರು. ಅವರದೇನೂ ತಪ್ಪಿಲ್ಲ. ಆ ಮಾತನ್ನು ನನಗೆ ಮೊದಲೇ ಹೇಳಿದವನು ಅಲ್ಲಿಯೇ ಕಾಫಿ ಲೋಟಗಳನ್ನು ಎತ್ತಿಡುತ್ತಿದ್ದ. ಅವನು ತಲೆಯೆತ್ತಲಿಲ್ಲ. ಎತ್ತಿದ್ದರೆ ನನಗೆ ಹಗುರವಾಗುತ್ತಿತ್ತೇನೋ.

ಅಂದಿನ ಸಂಜೆ ನನ್ನ ವಾಕ್ಯವನ್ನು ಅಳಿಸಿದೆ. "ಈಗ ಆಫೀಸಿನಲ್ಲಿ ಯಾರೂ ಇಲ್ಲ. ಇದು ಯಂತ್ರ. ಹಾಸ್ಟೆಲ್ ಬೇಕಾದರೆ ಒಂದು ಒತ್ತಿ" ಎಂದು ಮುದ್ರಿಸಿದೆ. ಜವಾನನನ್ನು ಕೂಡಿಸಿಕೊಂಡು, ಯಾವ ಹೊತ್ತಿನಲ್ಲಿ ಯಾವ ಕರೆ ಎಲ್ಲಿಗೆ ಹೋಗಬೇಕೆಂಬುದನ್ನು ಅವನ ಬಾಯಿಂದಲೇ ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಹನ್ನೊಂದು ಪುಟವಾಯಿತು. ಪರೀಕ್ಷೆಯ ದಿನಗಳಲ್ಲಿ ಹೀಗೆ, ರಜೆಯಲ್ಲಿ ಹೀಗೆ, ಗಂಡಾಂತರ ಬಂದರೆ ಹೀಗೆ. ಅದಾವುದೂ ಅದುವರೆಗೆ ಯಾವ ಕಡತದಲ್ಲಿಯೂ ಇರಲಿಲ್ಲ.

ತಿಂಗಳಾದ ಮೇಲೆ ಹುಡುಗನ ತಂದೆ ಶುಲ್ಕ ಕಟ್ಟಲು ಬಂದಿದ್ದರು. ಕಚೇರಿಯಲ್ಲಿ ನಾನು ಯಾರೊಡನೆಯೋ ಮಾತಾಡುತ್ತಿದ್ದುದನ್ನು ಕೇಳಿ ಹತ್ತಿರ ಬಂದು, "ಅವತ್ತು ಫೋನಲ್ಲಿ ಮಾತಾಡಿದೋರು ತಾವೇ ಅಲ್ವಾ ಸ್ವಾಮಿ? ದನಿ ಗುರುತು ಸಿಕ್ತು" ಎಂದರು. ಅದರಲ್ಲಿ ದೂರಿನ ಎಳೆಯೂ ಇರಲಿಲ್ಲ. ಹೌದೆಂದೆ. ಅದು ಯಂತ್ರವೆಂದು ಹೇಳಿ ತಪ್ಪಿಸಿಕೊಳ್ಳಲು ನಾಲಗೆ ಏಳಲಿಲ್ಲ. ತಪ್ಪು ನನ್ನದೆಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಂಬತ್ತರ ಮೇಲಾಗಿತ್ತು ಬಿಡಿ ಸ್ವಾಮಿ" ಎಂದು ನನ್ನನ್ನೇ ಸಮಾಧಾನಪಡಿಸಿದರು.

ಅಂದಿನಿಂದ ಪ್ರತಿ ಭಾನುವಾರ ರಾತ್ರಿ ಒಂಬತ್ತಕ್ಕೆ, ಊಟವಾದ ಮೇಲೆ, ಮನೆಯಿಂದ ಕಾಲೇಜಿಗೆ ಒಂದು ಕರೆ ಮಾಡುತ್ತೇನೆ. ಹಾಸ್ಟೆಲ್ ಗೇಟಿನಲ್ಲಿ ಗಂಟೆ ಬಾರಿಸುತ್ತದೆ. ಮೊದಮೊದಲು ಕಾವಲುಗಾರ ಗಾಬರಿಯಿಂದ ಎತ್ತುತ್ತಿದ್ದ; ಈಗ ಅವನಿಗೂ ಬೇಸರ ಬಂದಿದೆ. "ತಾವೇನಾ ಸಾರ್? ಕೇಳಿಸ್ತಿದೆ, ಇಡಿ" ಎನ್ನುತ್ತಾನೆ.

ನನಗೆ ಅಷ್ಟು ಕನ್ನಡ ಸಾಕು.