ನಮ್ಮ ಶಾಲೆಗೆ ಕಾವಲುಗಣ್ಣು ಬಂದ ಬಗೆ

ಸಂಚಿಕೆಯ ಸಂಪಾದಕ ಮಂಡಳಿಯವರು ನನ್ನಿಂದ ಲೇಖನವೊಂದನ್ನು ಬಯಸಿದಾಗ, ಹಳಗನ್ನಡ ಕಾವ್ಯವನ್ನೋ ವ್ಯಾಕರಣದ ಯಾವುದಾದರೊಂದು ಪ್ರಕರಣವನ್ನೋ ಕುರಿತು ಬರೆಯುವೆನೆಂದು ಎಣಿಸಿದ್ದಿರಬೇಕು. ಕನ್ನಡ ಪಂಡಿತನಿಂದ ಬೇರೇನನ್ನು ತಾನೇ ನಿರೀಕ್ಷಿಸಲಾದೀತು? ಆದರೆ ಈ ಸಲ ನಾನು ಬರೆಯಹೊರಟಿರುವುದು ನಮ್ಮ ಶಾಲೆಯ ಗೋಡೆಗಳ ಮೇಲೆ ಈಗ ಕಾಣುತ್ತಿರುವ ಸಿ.ಸಿ. ಕ್ಯಾಮೆರಾಗಳನ್ನು ಕುರಿತು. ಅವುಗಳನ್ನು ಆರಿಸುವ ಹೊಣೆ ನನ್ನ ಮೇಲೆ ಬಿದ್ದಿತ್ತು. ಹಣವಿತ್ತ ಮಹನೀಯರಿಗೆ ಅದರ ಲೆಕ್ಕ ಒಪ್ಪಿಸುವುದು ನನ್ನ ಕರ್ತವ್ಯ. ಅದಕ್ಕಿಂತ ಮಿಗಿಲಾಗಿ, ಆ ಹೊಣೆ ಬಂದುದಕ್ಕೆ ಕಾರಣವಾದ ನನ್ನ ತಪ್ಪೊಂದನ್ನು ಹಳೆಯ ವಿದ್ಯಾರ್ಥಿಗಳ ಎದುರಿನಲ್ಲಿ ಒಪ್ಪಿಕೊಳ್ಳಬೇಕಾಗಿದೆ.

೨೦೧೯ರ ಸೆಪ್ಟೆಂಬರಿನಲ್ಲಿ ನಮ್ಮಲ್ಲಿ ಮೊದಲ ಬಾರಿಗೆ ನಾಲ್ಕು ಕ್ಯಾಮೆರಾಗಳು ಬಂದವು. ಅಂಗಡಿಯವನು ಒಂದೇ ದಿನದಲ್ಲಿ ಅವುಗಳನ್ನು ಜೋಡಿಸಿ, ಮುದ್ರಿಸುವ ಯಂತ್ರವನ್ನು ಕಚೇರಿಯ ಅಲಮಾರಿನ ಮೇಲಿಟ್ಟು ಹೋದನು. ಬಳಿಕ ಅದರ ಮೇಲೆ ಧೂಳು ಕೂತಿತೇ ಹೊರತು ಯಾರೊಬ್ಬರ ದೃಷ್ಟಿಯೂ ಬೀಳಲಿಲ್ಲ. ಯಂತ್ರ ತನ್ನ ಪಾಡಿಗೆ ತಾನು ನೋಡುತ್ತಿದೆ ಎಂಬ ಸಮಾಧಾನದಲ್ಲಿ ನಾವು ನೋಡುವುದನ್ನೇ ಬಿಟ್ಟಿದ್ದೆವು.

೨೦೨೩ರ ಸೆಪ್ಟೆಂಬರಿನ ಕೊನೆಯ ವಾರ. ಪ್ರವಾಸಕ್ಕೆಂದು ಮಕ್ಕಳಿಂದ ಕೂಡಿಸಿದ್ದ ೯,೬೦೦ ರೂಪಾಯಿ ಕಚೇರಿಯ ಮೇಜಿನಿಂದ ಕಾಣೆಯಾಯಿತು. ಸಂಜೆ ಆರೂವರೆಯವರೆಗೆ ಹಣ ಮೇಜಿನಲ್ಲಿಯೇ ಇತ್ತೆಂದು ಗುಮಾಸ್ತರು ಹೇಳಿದರು. ಆರೂವರೆಗೆ ಪ್ರಸಾದನಿಲಯದ ಮಕ್ಕಳೆಲ್ಲರೂ ಸಾಮೂಹಿಕ ಪ್ರಾರ್ಥನೆಗೆ ಕೂಡುವುದು ವಾಡಿಕೆ. ಯಂತ್ರವನ್ನು ತೆರೆದು ನೋಡಿದಾಗ, ಒಂಬತ್ತನೆಯ ತರಗತಿಯ ಹುಡುಗನೊಬ್ಬ ಕಚೇರಿಯ ಪಡಸಾಲೆಯನ್ನು ಹತ್ತಿ ಒಳಗೆ ಹೋಗಿ ಮರಳುವುದು ಕಂಡಿತು. ಚಿತ್ರದ ಮೂಲೆಯಲ್ಲಿ ಹೊತ್ತು ಸ್ಪಷ್ಟವಾಗಿ ಮೂಡಿತ್ತು: ಆರು ಗಂಟೆ ಐವತ್ತು ನಿಮಿಷ.

ಹುಡುಗನನ್ನು ಕರೆಸಿದೆವು. ತಾನು ಹೋದುದು ನಿಜ, ಹಾಜರಿ ಪುಸ್ತಕವನ್ನು ಇಡಲು ಹೋಗಿದ್ದೆ, ಆದರೆ ಅದು ಪ್ರಾರ್ಥನೆಗೆ ಬಹಳ ಮುಂಚೆ ಎಂದು ಅವನು ಹೇಳಿದನು. ನಾವು ನಂಬಲಿಲ್ಲ. ಎಲ್ಲರಿಗಿಂತ ಕಟುವಾಗಿ ಮಾತನಾಡಿದವನು ನಾನೇ. "ಮನುಷ್ಯ ಸುಳ್ಳಾಡಬಹುದು, ಯಂತ್ರ ಸುಳ್ಳಾಡುವುದೇ?" ಎಂದು ತುಂಬಿದ ತರಗತಿಯಲ್ಲಿ ಅವನನ್ನು ಕೇಳಿದೆ. ಅವನು ಉತ್ತರಿಸಲಿಲ್ಲ, ತಲೆ ತಗ್ಗಿಸಿ ನಿಂತನು. ಆ ಮೌನವನ್ನೂ ನಾನು ಅಪರಾಧದ ಒಪ್ಪಿಗೆಯೆಂದೇ ಅರ್ಥೈಸಿದೆ.

ಮರುದಿನ ಅವನ ತಂದೆ ಬಂದರು. ಕೂಲಿ ಮಾಡಿ ಬದುಕುವವರು; ಒಂದು ದಿನದ ದುಡಿಮೆ ಬಿಟ್ಟು, ಎರಡು ಬಸ್ಸು ಬದಲಿಸಿ ಬಂದಿದ್ದರು. ಮಗನನ್ನು ಶಾಲೆಯಿಂದ ಬಿಡಿಸುವ ಮಾತು ಅದಾಗಲೇ ಎದ್ದಿತ್ತು. ಅವರು ವಾದಿಸಲಿಲ್ಲ. ಕೈಮುಗಿದು, "ಗುರುಗಳ, ತಾವು ಕಣ್ಣಾರೆ ನೋಡೀರೇನ್ರೀ?" ಎಂದು ಒಂದೇ ಮಾತು ಕೇಳಿದರು. ನಾನು "ಯಂತ್ರದಲ್ಲಿ ನೋಡಿದ್ದೇನೆ" ಎಂದೆ. ಹಾಗೆಂದ ಮೇಲೆ ನನಗೇ ಆ ಉತ್ತರ ಹಗುರವೆನಿಸಿತು.

ಆ ರಾತ್ರಿ ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಒಬ್ಬನೇ ಕುಳಿತು ಆ ಚಿತ್ರವನ್ನು ಮತ್ತೆ ನೋಡಿದೆ. ವಿದ್ವತ್ ತರಗತಿಯಲ್ಲಿ ನನ್ನ ಗುರುಗಳು ಶಾಸನಪಾಠ ಹೇಳಿಕೊಡುವಾಗ ಒಂದು ಕ್ರಮವನ್ನು ಕಲಿಸಿದ್ದರು. ಶಾಸನದಲ್ಲಿ ಶಕವರ್ಷ, ತಿಥಿ, ವಾರ ಕಂಡಾಕ್ಷಣ ಅದನ್ನು ನಂಬಲಾಗದು. ಆ ವರ್ಷದ ಆ ತಿಥಿ ಆ ವಾರದಂದೇ ಬಿದ್ದಿತ್ತೇ ಎಂಬುದನ್ನು ಎಲ್. ಡಿ. ಸ್ವಾಮಿಕಣ್ಣು ಪಿಳ್ಳೆಯವರ ಪಂಚಾಂಗ ಕೋಷ್ಟಕಗಳೊಡನೆ ತಾಳೆ ನೋಡಬೇಕು. ಹೊಂದದಿದ್ದರೆ ಲಿಪಿಕಾರ ತಪ್ಪಿರಬಹುದು, ಶಾಸನ ಕೂಟವಾಗಿರಬಹುದು, ಓದಿದವನೇ ಎಡವಿರಬಹುದು. ಕಲ್ಲಿನ ಮೇಲಿನ ಅಕ್ಷರಕ್ಕೆ ಇಷ್ಟು ಪರೀಕ್ಷೆ ಮಾಡುವವನು, ಗಾಜಿನ ಮೇಲಿನ ಅಂಕಿಗೆ ಒಂದು ಪರೀಕ್ಷೆಯನ್ನೂ ಮಾಡಿರಲಿಲ್ಲ.

ಎರಡನೆಯ ಬಾರಿ ನೋಡುವಾಗ ನನ್ನ ದೃಷ್ಟಿ ಹುಡುಗನನ್ನು ಬಿಟ್ಟು ಅಂಗಳದ ಮೇಲೆ ಹೋಯಿತು. ಧ್ವಜಸ್ತಂಭದ ನೆರಳು ಉದ್ದಕ್ಕೆ ಚಾಚಿ, ಪಶ್ಚಿಮಾಭಿಮುಖವಾದ ಕಚೇರಿಯ ಗೋಡೆಯನ್ನು ಏರಿತ್ತು. ಸೆಪ್ಟೆಂಬರಿನ ಕೊನೆಯಲ್ಲಿ ಆರು ಐವತ್ತಕ್ಕೆ ನೆರಳೆಲ್ಲಿಂದ ಬರಬೇಕು? ನಮ್ಮ ಸೀಮೆಯಲ್ಲಿ ಅಷ್ಟು ಹೊತ್ತಿಗೆ ಸೂರ್ಯ ಮುಳುಗಿ ಇಪ್ಪತ್ತು ನಿಮಿಷವಾದರೂ ಕಳೆದಿರುತ್ತದೆ. ಕೂಡಲೇ ಯಂತ್ರದ ಅಂದಿನ ಹೊತ್ತನ್ನೂ ನನ್ನ ಕೈಗಡಿಯಾರವನ್ನೂ ಒಟ್ಟಿಗಿಟ್ಟು ನೋಡಿದೆ. ಯಂತ್ರ ನಲವತ್ತೆಂಟು ನಿಮಿಷ ಮುಂದೆ ಓಡುತ್ತಿತ್ತು! ಕೂರಿಸಿ ನಲವತ್ತೆಂಟು ತಿಂಗಳಾಗಿತ್ತು. ತಿಂಗಳಿಗೊಂದು ನಿಮಿಷದಂತೆ ಅದು ಸದ್ದಿಲ್ಲದೆ ಸರಿಯುತ್ತ ಬಂದಿತ್ತು. ಹುಡುಗ ಪಡಸಾಲೆ ಹತ್ತಿದುದು ಆರು ಗಂಟೆ ಎರಡು ನಿಮಿಷಕ್ಕೆ. ಅವನು ಹೇಳಿದುದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಮರುದಿನ ಅದೇ ತರಗತಿಯಲ್ಲಿ, ಅದೇ ಮಕ್ಕಳ ಎದುರಿನಲ್ಲಿ ನಾನು ಅವನ ಕ್ಷಮೆ ಕೇಳಿದೆ. ಕಾಣೆಯಾದ ಹಣ ಕಡೆಗೂ ಸಿಗಲಿಲ್ಲ. ಕಾರ್ಯದರ್ಶಿಗಳು ತಮ್ಮ ಕೈಯಿಂದಲೇ ತುಂಬಿಕೊಟ್ಟರು. ಯಾರು ತೆಗೆದರೆಂಬುದನ್ನು ನಾಲ್ಕು ಕ್ಯಾಮೆರಾಗಳಲ್ಲಿ ಒಂದೂ ಹೇಳಲಿಲ್ಲ.

೨೦೨೫ರ ಬೇಸಿಗೆಯಲ್ಲಿ ಹಳೆಯ ವಿದ್ಯಾರ್ಥಿಗಳ ಸಂಘದವರು ಹೊಸ ಕ್ಯಾಮೆರಾಗಳಿಗಾಗಿ ಹಣ ಕೂಡಿಸಿಕೊಟ್ಟಾಗ, ಪೂಜ್ಯ ಶ್ರೀಗಳು "ಅದರ ದೋಷ ಬಲ್ಲವರೇ ಅದನ್ನು ಆರಿಸಲಿ" ಎಂದು ನನ್ನನ್ನು ಸಮಿತಿಯ ಸಂಚಾಲಕನನ್ನಾಗಿ ಮಾಡಿ ಅಪ್ಪಣೆ ಕೊಡಿಸಿದರು. ವಿದ್ಯುತ್ ವಿಷಯದಲ್ಲಿ ನನ್ನದು ಶೂನ್ಯ ಜ್ಞಾನ. ವಿಜ್ಞಾನ ಶಿಕ್ಷಕರು ನನಗೆ ಗುರುಗಳಾದರು. ಐವತ್ತು ದಾಟಿದ ಮೇಲೆ ಹೊಸ ಅಕ್ಷರಾಭ್ಯಾಸ ಆರಂಭವಾಯಿತು.

ಮೂರು ಅಂಗಡಿಗಳಿಂದ ದರಪಟ್ಟಿ ಬಂದಿತು. ಮೂವರೂ ಸಂಖ್ಯೆಯಿಂದಲೇ ಮೊದಲು ಮಾಡಿದ್ದರು: ಒಬ್ಬರು ಹದಿನಾರು, ಇನ್ನೊಬ್ಬರು ಇಪ್ಪತ್ತನಾಲ್ಕು, ಮತ್ತೊಬ್ಬರು ಮೂವತ್ತೆರಡು. ನಾವು ಅದನ್ನು ಬದಿಗಿಟ್ಟು, ಶಾಲೆಯ ನಕ್ಷೆಯ ಮೇಲೆ ಪ್ರತಿಯೊಂದು ಸ್ಥಳಕ್ಕೂ ಒಂದೊಂದು ಪ್ರಶ್ನೆಯನ್ನು ಬರೆದೆವು. ಹೆಬ್ಬಾಗಿಲಿನಲ್ಲಿ "ಬಂದವರು ಯಾರು?" ಅಂಗಳದಲ್ಲಿ "ಏನು ನಡೆಯುತ್ತಿದೆ?" ದಾಸೋಹದ ಉಗ್ರಾಣದಲ್ಲಿ "ಬಾಗಿಲು ತೆರೆದುದು ಯಾವಾಗ?" ಪ್ರಶ್ನೆಯೇ ಹುಟ್ಟದ ಕಡೆ ಕ್ಯಾಮೆರಾ ಬೇಡವೆಂದು ತೀರ್ಮಾನಿಸಿದೆವು. ಹನ್ನೆರಡು ಸಾಕಾದವು.

ಪ್ರಶ್ನೆ ಬೇರೆಯಾದರೆ ಮಸೂರವೂ ಬೇರೆಯಾಗಬೇಕೆಂಬುದು ನಾನು ಕಲಿತ ಮೊದಲ ಪಾಠ. ಎರಡು ಮೆಗಾಪಿಕ್ಸೆಲ್ಲಿನ ಕ್ಯಾಮೆರಾದ ಚಿತ್ರದಲ್ಲಿ ಅಡ್ಡಕ್ಕೆ ೧,೯೨೦ ಬಿಂದುಗಳಿರುತ್ತವೆ. ಅಪರಿಚಿತನ ಮುಖವನ್ನು ನಿಸ್ಸಂದೇಹವಾಗಿ ಗುರುತಿಸಲು ಮೀಟರೊಂದಕ್ಕೆ ೨೫೦ ಬಿಂದುಗಳು ಬೇಕು, ಪರಿಚಿತನನ್ನು ಗುರುತಿಸಲು ೧೨೫, ಯಾರೋ ಇದ್ದಾರೆಂದು ತಿಳಿಯಲು ೨೫ ಸಾಕು ಎಂಬುದು ೨೦೧೪ರ ಅಂತಾರಾಷ್ಟ್ರೀಯ ಮಾನಕ. ಭಾಗಿಸಿ ನೋಡಿದರೆ, ಚಿತ್ರದ ಅಗಲ ೭.೬೮ ಮೀಟರನ್ನು ಮೀರಿತೆಂದರೆ ಮುಖ ಕೈತಪ್ಪಿತು. ಅಂಗಡಿಯವರು ಹೊಗಳುವ ೨.೮ ಮಿಲಿಮೀಟರಿನ ಅಗಲನೋಟದ ಮಸೂರ ಇಡೀ ಅಂಗಳವನ್ನು ತೋರಿಸುತ್ತದೆ, ನಿಜ. ಆದರೆ ಸುಮಾರು ಹತ್ತು ಅಡಿಯ ಆಚೆ ನಿಂತವನ ಮುಖವನ್ನು ಖಚಿತಪಡಿಸಲಾರದು. ಹೆಚ್ಚು ಕಾಣುವುದೆಂದರೆ ಚೆನ್ನಾಗಿ ಕಾಣುವುದೆಂದಲ್ಲ! ಆದುದರಿಂದ ಅಂಗಳಕ್ಕೆ ಅಗಲನೋಟದ್ದನ್ನೂ ಹೆಬ್ಬಾಗಿಲಿಗೆ ೬ ಮಿಲಿಮೀಟರಿನ ಕಿರಿನೋಟದ್ದನ್ನೂ ಆರಿಸಿದೆವು. ಹಿಂದೆ ಬಹಳ ಎತ್ತರದಲ್ಲಿದ್ದ ಕ್ಯಾಮೆರಾಗಳಿಗೆ ಟೋಪಿ, ತಲೆಗಳಷ್ಟೇ ಕಾಣುತ್ತಿದ್ದವು. ಹೆಬ್ಬಾಗಿಲಿನದನ್ನು ಈಗ ಒಂಬತ್ತು ಅಡಿಗೆ ಇಳಿಸಲಾಗಿದೆ. ಹಿಂದಿನಿಂದ ಬೆಳಕು ಬೀಳುವ ಬಾಗಿಲುಗಳಲ್ಲಿ ಒಳಬರುವವರ ಮುಖ ಕಪ್ಪಾಗುವುದುಂಟು. ಅಂಥ ಕಡೆಗಳಿಗೆ ಬೆಳಕು ನೆರಳುಗಳ ಅಂತರವನ್ನು ಸರಿದೂಗಿಸುವ ಬಗೆಯವನ್ನೇ ಕೊಂಡೆವು.

ಎರಡನೆಯದು ಸಂಗ್ರಹದ ಲೆಕ್ಕ. ಒಂದು ಕ್ಯಾಮೆರಾ ಸೆಕೆಂಡಿಗೆ ೨ ಮೆಗಾಬಿಟ್‌ನಂತೆ ಚಿತ್ರ ಕಳುಹಿಸಿದರೆ ದಿನಕ್ಕೆ ೨೧.೬ ಗಿಗಾಬೈಟ್ ಆಗುತ್ತದೆ. ಹನ್ನೆರಡಕ್ಕೆ ದಿನಕ್ಕೆ ೨೫೯.೨, ಮೂವತ್ತು ದಿನಕ್ಕೆ ೭,೭೭೬ ಗಿಗಾಬೈಟ್. ಜನ ಸೇರುವ ಸಂಸ್ಥೆಗಳು ಮೂವತ್ತು ದಿನಗಳ ಚಿತ್ರವನ್ನು ಕಾದಿಡಬೇಕೆಂಬ ನಿಯಮ ನಮ್ಮ ರಾಜ್ಯದ ೨೦೧೭ರ ಸಾರ್ವಜನಿಕ ಸುರಕ್ಷತಾ ಅಧಿನಿಯಮದಿಂದ ಬಂದಿದೆ. ಆದುದರಿಂದ ಹತ್ತು ಟೆರಾಬೈಟಿನ, ಹಗಲಿರುಳು ಬರೆಯುವುದಕ್ಕೆಂದೇ ತಯಾರಾದ ಡಿಸ್ಕನ್ನು ಆರಿಸಿದೆವು. ೨೦೨೫ರ ಏಪ್ರಿಲ್ ೯ರಿಂದ ಕ್ಯಾಮೆರಾಗಳು ನಿಗದಿತ ಭದ್ರತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕೆಂಬ ಕೇಂದ್ರ ಸರ್ಕಾರದ ನಿಯಮವೂ ಜಾರಿಗೆ ಬಂದಿತ್ತು. ಆ ಪ್ರಮಾಣಪತ್ರವಿಲ್ಲದ ದರಪಟ್ಟಿಯನ್ನು ಬದಿಗಿಟ್ಟೆವು.

ಇನ್ನು ತಂತಿಯ ವಿಚಾರ. ಚಿತ್ರವನ್ನೂ ವಿದ್ಯುತ್ತನ್ನೂ ಒಂದೇ ತಂತಿಯಲ್ಲಿ ಒಯ್ಯುವ ಈಗಿನ ಪದ್ಧತಿ ಅನುಕೂಲವಾದುದಾದರೂ ಅದರ ಮಿತಿ ೧೦೦ ಮೀಟರು. ಪ್ರಸಾದನಿಲಯ ಅದಕ್ಕಿಂತ ದೂರ. ಅಲ್ಲಿಗೆ ಗಾಜಿನ ಎಳೆಯ ತಂತಿಯನ್ನು ಎಳೆಸಿದೆವು. ಅದು ವಿದ್ಯುದ್ವಾಹಕವಲ್ಲವಾದ್ದರಿಂದ, ಮುಂಗಾರಿನ ಸಿಡಿಲಿನ ಹೊಡೆತ ಅದರ ಮೂಲಕ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹರಿಯದೆಂಬುದು ಹೆಚ್ಚಿನ ಲಾಭ. ಕಾರ್ಖಾನೆಯಿಂದ ಬಂದ ಗುಪ್ತಪದವನ್ನು ಮೊದಲ ದಿನವೇ ಬದಲಿಸಿದೆವು. ತಿಂಗಳಿಗೊಮ್ಮೆ ಜೇಡರ ಬಲೆ ತೆಗೆಯುವ ಕೆಲಸವನ್ನು ಜವಾನರಿಗೆ ಒಪ್ಪಿಸಿದೆವು. ಇರುಳಿನಲ್ಲಿ ಕ್ಯಾಮೆರಾ ಬೀರುವ ಕಾಣದ ಬೆಳಕು ಬಲೆಯ ಮೇಲೆ ಬಿದ್ದರೆ ಚಿತ್ರವೆಲ್ಲ ಬಿಳಿಯ ಮಸುಕಾಗುತ್ತದೆ.

ಸಮಿತಿಯಲ್ಲಿ ತೀವ್ರವಾದ ಚರ್ಚೆ ನಡೆದುದು ಎಲ್ಲಿ ಕೂರಿಸಬಾರದು ಎಂಬುದನ್ನು ಕುರಿತು. ಸ್ನಾನದ ಮನೆ, ಶೌಚಾಲಯ, ಮಕ್ಕಳು ಮಲಗುವ ಕೋಣೆ ಇವುಗಳ ವಿಷಯದಲ್ಲಿ ಎರಡು ಮಾತಿರಲಿಲ್ಲ. ತರಗತಿಗಳ ವಿಷಯದಲ್ಲಿ ಭಿನ್ನಾಭಿಪ್ರಾಯವಿತ್ತು. ಅಲ್ಲಿಯೂ ಇರಲಿ, ಅದರಿಂದ ಶಿಕ್ಷಕರಿಗೇ ರಕ್ಷಣೆ ಎಂದು ಗಣಿತದ ಶಿಕ್ಷಕರು ವಾದಿಸಿದರು. ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ತಪ್ಪಾಗಿ ಓದಿ, ತಪ್ಪಾಗಿ ಉಚ್ಚರಿಸಿ, ನಗೆಗೀಡಾಗಿ ಕಲಿಯುವ ಸ್ಥಳ ತರಗತಿ; ಆ ತಪ್ಪುಗಳು ಮೂವತ್ತು ದಿನ ಕಾದಿಡುವಂಥವಲ್ಲವೆಂದು ನಾನು ಹೇಳಿದೆ. ನಮ್ಮ ಹಳೆಯ ವಿದ್ಯಾರ್ಥಿಗಳಾದ ವಕೀಲರೊಬ್ಬರು ೨೦೧೭ರ ಆಗಸ್ಟ್ ೨೪ರ ತೀರ್ಪನ್ನು ನೆನಪಿಸಿದರು. ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಸಾರಿದ ತೀರ್ಪು ಅದು. ಆ ಮೊಕದ್ದಮೆಗೆ ತಮ್ಮ ಹೆಸರನ್ನಿತ್ತವರು ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳಾದ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಕಡೆಗೆ ಓಣಿಗಳಲ್ಲಿ ಇರಲಿ, ತರಗತಿಯೊಳಗೆ ಬೇಡ, ಧ್ವನಿಮುದ್ರಣ ಎಲ್ಲಿಯೂ ಬೇಡ ಎಂದು ನಿರ್ಣಯವಾಯಿತು.

ಅದೇ ವಕೀಲರು ಇನ್ನೊಂದು ವಿಷಯವನ್ನೂ ತಿಳಿಸಿದರು. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ೬೩ನೆಯ ಪ್ರಕರಣವು ಇಂಥ ದಾಖಲೆಯ ನಕಲಿನೊಡನೆ ಪ್ರಮಾಣಪತ್ರವನ್ನೂ ಕೇಳುತ್ತದೆಯಂತೆ. ನ್ಯಾಯಾಲಯವೇ ಹೀಗೆ ಎಚ್ಚರ ವಹಿಸುವಾಗ ಶಾಲೆಗೆ ಅವಸರವೇಕೆ? ಆದುದರಿಂದ ನಾವೂ ಮೂರು ನಿಯಮಗಳನ್ನು ಬರೆದು ಕಚೇರಿಯಲ್ಲಿ ತೂಗುಹಾಕಿದೆವು. ಮುಖ್ಯೋಪಾಧ್ಯಾಯರೂ ಪ್ರಸಾದನಿಲಯದ ಮೇಲ್ವಿಚಾರಕರೂ ಒಟ್ಟಿಗೆ ಕುಳಿತು, ಪುಸ್ತಕದಲ್ಲಿ ಕಾರಣ ಬರೆದೇ ಚಿತ್ರವನ್ನು ನೋಡತಕ್ಕದ್ದು. ಯಾರೂ ಅದನ್ನು ತಮ್ಮ ಮೊಬೈಲಿಗೆ ಇಳಿಸಿಕೊಳ್ಳತಕ್ಕದ್ದಲ್ಲ. ಚಿತ್ರದಲ್ಲಿ ಏನೇ ಕಂಡರೂ, ಮಗುವಿನ ಮಾತನ್ನು ಪೂರ್ಣವಾಗಿ ಕೇಳಿ ಪರಿಶೀಲಿಸದೆ ಶಿಕ್ಷೆಯ ಮಾತೆತ್ತತಕ್ಕದ್ದಲ್ಲ. ಮೂರನೆಯದನ್ನು ನನ್ನ ಕೈಯಿಂದಲೇ ಬರೆದೆ.

ಹೊಸ ಯಂತ್ರದ ಗಡಿಯಾರ ಅಂತರ್ಜಾಲದ ಮೂಲಕ ತಾನಾಗಿಯೇ ಸರಿಹೊಂದಿಕೊಳ್ಳುತ್ತದೆ. ಆದರೂ ಪ್ರತಿ ಸೋಮವಾರ ಬೆಳಗಿನ ಘಂಟೆಗೆ ಮುನ್ನ ನಾನು ಹೋಗಿ ಅದರ ಹೊತ್ತನ್ನೂ ನನ್ನ ಗಡಿಯಾರದ ಹೊತ್ತನ್ನೂ ಪುಸ್ತಕದಲ್ಲಿ ಅಕ್ಕಪಕ್ಕ ಬರೆದು ರುಜು ಹಾಕುತ್ತೇನೆ. ಕೆಲವು ಕಿರಿಯ ಶಿಕ್ಷಕರು ಇದನ್ನು ಕಂಡು ನಗುವುದುಂಟು, ನಗಲಿ.

೨೦೨೫ರ ಜೂನ್ ತಿಂಗಳಿನಲ್ಲಿ ಆ ಹುಡುಗ ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾಗಿ, ಅಂಕಪಟ್ಟಿ ಪಡೆಯಲು ತಂದೆಯೊಡನೆ ಬಂದಿದ್ದನು. ಹೆಬ್ಬಾಗಿಲಿನ ಹೊಸ ಕ್ಯಾಮೆರಾವನ್ನು ತಲೆಯೆತ್ತಿ ನೋಡಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಗುರುಗಳೇ, ಇದರ ಗಡಿಯಾರ ಸರಿ ಇದೆಯೇ?" ಎಂದನು. ಅದರಲ್ಲಿ ಕೊಂಕಿರಲಿಲ್ಲ, ನಿಜವಾಗಿಯೂ ತಿಳಿಯಬಯಸಿ ಕೇಳಿದ್ದನು. ನಾನು ಅವನನ್ನು ಕಚೇರಿಗೆ ಕರೆದೊಯ್ದು ಸೋಮವಾರದ ಪುಸ್ತಕವನ್ನು ತೆರೆದು ತೋರಿಸಿದೆ. ಅವನು ಪ್ರತಿಯೊಂದು ಸಾಲನ್ನೂ ಬೆರಳಿಟ್ಟು ಓದಿದನು. ಅಷ್ಟೂ ಹೊತ್ತು ಅವನ ತಂದೆ ಬಾಗಿಲಲ್ಲಿಯೇ ನಿಂತಿದ್ದರು. ಒಳಗೆ ಕರೆದು ಕುರ್ಚಿಯಲ್ಲಿ ಕೂರಿಸಿದೆ.

ಖರ್ಚಿನ ವಿವರ ಕಚೇರಿಯಲ್ಲಿದೆ. ಶಾಲೆಗೆ ಬಂದಾಗ ಅದನ್ನು ನೋಡಬಹುದು. ಸೋಮವಾರದ ಪುಸ್ತಕವನ್ನೂ ದಯಮಾಡಿ ನೋಡಬೇಕೆಂದು ಬೇಡುತ್ತೇನೆ.