ಮುಯ್ಯಿ

ವಿದ್ಯೆಗಾಗಿ ಪರದೇಶಕ್ಕೆ ಹೋಗಿಬಂದವರು ಅಲ್ಲಿ ಕಂಡ ವಿಚಿತ್ರಗಳನ್ನು ಬಣ್ಣಿಸುವುದು ವಾಡಿಕೆ. ನಾನಾದರೋ ಒಂದು ಲೆಕ್ಕವನ್ನು ವಾಚಕರ ಮುಂದಿಡಬೇಕೆಂದಿರುವೆನು.

ಮಳವಳ್ಳಿ ತಾಲ್ಲೂಕಿನ ಒಕ್ಕಲು ಮನೆಯವನಾದ ನಾನು, ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಗ, 2024ರ ಆಗಸ್ಟಿನಿಂದ ಡಿಸೆಂಬರಿನವರೆಗೆ ನಾರ್ವೆ ದೇಶದ ಟ್ರೋಂಡ್‌ಹೈಮ್ ನಗರದಲ್ಲಿ ವಿನಿಮಯ ವಿದ್ಯಾರ್ಥಿಯಾಗಿದ್ದೆನು. ವಿನಿಮಯದ ಕ್ರಮವು ಸರಳವಾದುದು. ಎರಡು ವಿದ್ಯಾಸಂಸ್ಥೆಗಳು ಒಪ್ಪಂದ ಮಾಡಿಕೊಂಡು ತಮ್ಮ ವಿದ್ಯಾರ್ಥಿಗಳನ್ನು ಪರಸ್ಪರ ಕಳುಹಿಸುವುವು. ಅಲ್ಲಿ ತೇರ್ಗಡೆಯಾದ ವಿಷಯಗಳು ಇಲ್ಲಿಯ ಪದವಿಗೆ ಸೇರುವುವು. ಯೂರೋಪಿನ ಹೊರಗಿನಿಂದ ಬರುವವರಿಗೆ ನಾರ್ವೆಯು 2023ರಿಂದ ಬೋಧನಾ ಶುಲ್ಕವನ್ನು ವಿಧಿಸಿದ್ದರೂ, ವಿನಿಮಯದವರಿಗೆ ಅದಿಲ್ಲ. ಪ್ರಯಾಣ, ಊಟ, ವಸತಿಗಳ ವೆಚ್ಚ ಮಾತ್ರ ನಮ್ಮದು. ಮದ್ದೂರಿನ ಕಡೆಯ ಕಾರ್ಖಾನೆಗೆ ಹಾಕಿದ ಎರಡು ವರ್ಷದ ಕಬ್ಬಿನ ಹಣವನ್ನು ನಮ್ಮ ತಂದೆಯವರು ಅದಕ್ಕಾಗಿ ತೆಗೆದಿಟ್ಟರು. ಮೈಸೂರಿಗೆ ಹೋಗಿ ಎಂ.ಎಸ್ಸಿ. ಓದಬೇಕೆಂದಿದ್ದ ತಂಗಿಯು ಮನೆಯಲ್ಲಿಯೇ ಉಳಿದಳು.

ಅಲ್ಲಿ ಡಿಸೆಂಬರಿನ ಸೂರ್ಯನು ಹತ್ತು ಗಂಟೆಗೆ ಮೂಡಿ ಎರಡೂವರೆಗೆ ಮುಳುಗುವನು. ಕತ್ತಲೆಗೆ ಹೆದರಬೇಕಾದುದಿಲ್ಲ, ಆ ದೇಶದ ವಿದ್ಯುತ್ತಿನಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಪಾಲು ನೀರಿನಿಂದಲೇ ಉತ್ಪನ್ನವಾಗುವುದು. ಅಧ್ಯಾಪಕರನ್ನು ಅಲ್ಲಿ ಹೆಸರು ಹಿಡಿದೇ ಕರೆಯುವರು. ಆ ಸಂಕೋಚ ನನಗೆ ಕೊನೆಯವರೆಗೂ ಹೋಗಲಿಲ್ಲ. ಒಂದು ದಿನ ಅವರು ನಮ್ಮ ದೇಶದ ಸಂಗತಿಯನ್ನು ಕೇಳಲು, ನಮ್ಮ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲಿಯೇ ತೊಂಬತ್ತು ಮೈಲಿಗೂ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಸಾಗಿಸಿದುದನ್ನು ಹೇಳಿದೆನು. ತರಗತಿಯವರು ಬಹಳ ಹೊತ್ತು ಪ್ರಶ್ನೆ ಕೇಳಿದರು. ಕೊಡುವುದಕ್ಕೆ ನನ್ನಲ್ಲಿಯೂ ಏನೋ ಇದ್ದಿತೆಂದು ಅಂದು ಸಂತೋಷವಾಯಿತು.

ಎಲೆಯುದುರುವ ಕಾಲದಲ್ಲಿ ವಿದ್ಯಾರ್ಥಿನಿಲಯದವರೆಲ್ಲ ಸೇರಿ ಅಂಗಳವನ್ನು ಗುಡಿಸಿದೆವು. ಕೂಲಿಯಿಲ್ಲದ ಇಂತಹ ಕೂಡುದುಡಿಮೆಗೆ ಅವರು ‘ದುಗ್ನಾಡ್’ ಎನ್ನುವರು. ನನಗೆ ನಮ್ಮೂರ ಮುಯ್ಯಾಳು ನೆನಪಾಯಿತು. ಮುಯ್ಯಿಗೆ ಲೆಕ್ಕವುಂಟು: ಇಂದು ನಮ್ಮ ನಾಟಿಗೆ ಬಂದವರ ಗದ್ದೆಗೆ ನಾಳೆ ನಾವು ಹೋಗಲೇಬೇಕು. ವಿನಿಮಯವೆಂದರೂ ಅದೇ ಅಲ್ಲವೆ? ಆದರೆ ನಾನು ಹೋದ ವರ್ಷ ಅಲ್ಲಿಂದ ನಮ್ಮ ಕಾಲೇಜಿಗೆ ಯಾರೂ ಬರಲಿಲ್ಲ. ಬಂದರೆ ನಮ್ಮ ನಾಲೆ, ಗದ್ದೆ, ಆಲೆಮನೆಗಳಲ್ಲಿ ಅವರು ಕಲಿಯತಕ್ಕದ್ದು ಕಡಮೆಯಿಲ್ಲ. ಅವರನ್ನು ಕರೆದು ಉಳಿಸಿಕೊಳ್ಳುವ ಏರ್ಪಾಡನ್ನು ನಾವು ಮಾಡಬೇಕು.

ಸ್ನಾತಕೋತ್ತರ ವ್ಯಾಸಂಗಕ್ಕೆ ಮತ್ತೆ ಅಲ್ಲಿಗೇ ಬರಬಹುದೆಂದು ಅಧ್ಯಾಪಕರು ಬರೆದಿರುವರು. ಹೋಗಲು ಮನಸ್ಸುಂಟು. ಮನೆಯಲ್ಲಿ ಒಬ್ಬರಿಗಾಗುವಷ್ಟೇ ಹಣವುಂಟು. ಈ ಸಲದ ಕಬ್ಬು ತಂಗಿಯದೆಂದು ತಂದೆಯವರಿಗೆ ತಿಳಿಸಿರುವೆನು.