ಎಣ್ಣೆ ಏರದ ಟ್ರಾಕ್ಟರು

ಚಿಕ್ಕಪ್ಪನ ಟ್ರಾಕ್ಟರು ಖಾಲಿ ಓಡುವಾಗ ಬಲು ಸಜ್ಜನ. ಟ್ರೇಲರು ಕಟ್ಟಿ ಕೆರೆ ಏರಿ ಹತ್ತಿಸಿದರೆ ಮಾತ್ರ ಅರ್ಧಕ್ಕೇ ಸದ್ದು ಇಳಿಸಿಕೊಂಡು ನಿಂತುಬಿಡುತ್ತಿತ್ತು. ಒಂದು ಬೀಡಿ ಸೇದುವಷ್ಟು ಹೊತ್ತು ಬಿಟ್ಟರೆ, ಏನೂ ಆಗೇ ಇಲ್ಲವೆಂಬಂತೆ ಮತ್ತೆ ಸ್ಟಾರ್ಟ್. ಚಿಕ್ಕಪ್ಪ ಬೀಡಿ ಬಿಟ್ಟು ಕಾಲವಾಗಿದ್ದರಿಂದ ಆ ಹೊತ್ತನ್ನು ದಾರಿಹೋಕರ ಸಲಹೆ ಕೇಳುವುದರಲ್ಲಿ ಕಳೆಯುತ್ತಿದ್ದರು.

ಶಿಡ್ಲಘಟ್ಟದ ಕಡೆಯ ನಮ್ಮೂರಿಗೆ ಅದು ಬಂದದ್ದು ದ್ರಾಕ್ಷಿಯ ಕಾಲದಲ್ಲಿ. ಚಪ್ಪರದಡಿ ದೊಡ್ಡ ಟ್ರಾಕ್ಟರು ನುಗ್ಗುವುದಿಲ್ಲ, ಅದಕ್ಕೇ ಈ ಗಿಡ್ಡದ್ದು. ದಿಲ್‌ಖುಷ್ ಗೊಂಚಲುಗಳಿಗೆ ತಲೆ ತಾಗದ ಹಾಗೆ ಬಗ್ಗಿ ಓಡಿಸಿ ಓಡಿಸಿ, ಚಿಕ್ಕಪ್ಪ ಈಗಲೂ ಸೀಟಿನ ಮೇಲೆ ಬಗ್ಗಿಯೇ ಕೂರುತ್ತಾರೆ. ಚಪ್ಪರ ಎಲ್ಲಿದೆ? ಬೋರು ಬತ್ತಿದ ವರ್ಷ ಬಳ್ಳಿ ಒಣಗಿತು, ಕಲ್ಲುಕಂಬಗಳು ಯಾರದೋ ಬೇಲಿಗೆ ಹೋದವು. ಹೊಸ ಬೋರಿನಲ್ಲಿ ಸಿಕ್ಕ ಅಷ್ಟಿಷ್ಟು ನೀರಿಗೆ ಈಗ ಅಲ್ಲಿ ವಿ-1 ಹಿಪ್ಪುನೇರಳೆ. ಮೇಲೆ ಬರೀ ಆಕಾಶ. ಆದರೂ ಬಗ್ಗುತ್ತಾರೆ.

ಪಂಪಿನ ವಿಷಯದಲ್ಲಿ ನಮ್ಮ ಸೀಮೆಯವರಿಗೆ ಯಾರೂ ಪಾಠ ಹೇಳಬೇಕಿಲ್ಲ. ನಂದಿಬೆಟ್ಟದ ಸಾಲಿನಲ್ಲಿ ಪಾಲಾರ್, ಪಿನಾಕಿನಿ, ಅರ್ಕಾವತಿ, ಚಿತ್ರಾವತಿ, ಪಾಪಘ್ನಿ ಎಂದು ಸಾಲಾಗಿ ನದಿಗಳು ಹುಟ್ಟುತ್ತವೆ. ಹುಟ್ಟಿದ ಕೂಡಲೇ ಬೇರೆ ಊರಿನ ದಾರಿ ಹಿಡಿಯುತ್ತವೆ. ಉಳಿದ ನಾವು ಸಾವಿರ, ಸಾವಿರದಿನ್ನೂರು ಅಡಿ ಕೊರೆಸಿ ನೀರೆತ್ತುವವರು. ಮದುವೆಮನೆಯ ಪಂಕ್ತಿಯಲ್ಲೂ ಪಾಯಸ ಬರುವುದರೊಳಗೆ ಕೇಬಲ್ಲು, ಸ್ಟಾರ್ಟರು, ಸುಟ್ಟ ಮೋಟರಿನ ಮಾತು ಬಂದಿರುತ್ತದೆ. ಅಂಥ ಜನರ ನಡುವೆ, ಟ್ಯಾಂಕಿನಿಂದ ಇಂಜಿನ್ನಿಗೆ ಎರಡಡಿ ಡೀಸೆಲ್ ಏರದೆ ಒಂದು ಟ್ರಾಕ್ಟರು ನಿಲ್ಲುವುದೆಂದರೆ! ಊರಿನ ಮರ್ಯಾದೆಯ ಪ್ರಶ್ನೆ.

"ಏರ್ ಹಿಡಿದಿದೆ" ಅಂದರು ಒಬ್ಬರು. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಫೀಡ್ ಪಂಪಿನ ಪುಟ್ಟ ಲಿವರನ್ನು ಹೆಬ್ಬೆರಳಲ್ಲಿ ಒತ್ತಿ ಒತ್ತಿ, ಗುಳ್ಳೆ ನಿಂತು ಬರೀ ಎಣ್ಣೆ ಬರುವ ತನಕ ಏರ್ ತೆಗೆದರು. ಏರಿಯ ಮೇಲೆ ಮತ್ತೆ ನಿಂತಿತು. ಗೌರಿಬಿದನೂರಿನ ಬೀಗರು ಹಬ್ಬಕ್ಕೆ ಬಂದವರು, ಟ್ಯಾಂಕಿನ ಮುಚ್ಚಳದ ಸಣ್ಣ ತೂತು ಕಟ್ಟಿಕೊಂಡರೆ ಒಳಗೆ ಗಾಳಿಯಾಡದೆ ಎಣ್ಣೆ ಹೊರಗೆ ಬರುವುದಿಲ್ಲ ಎಂದು ವಿವರಿಸಿ, ಒಬ್ಬಟ್ಟು ತಿಂದ ಕೈಯಲ್ಲೇ ಪಿನ್ನು ಹಾಕಿ ಚುಚ್ಚಿದರು. ವಾದ ಸರಿಯೇ. ಆದರೆ ತೂತು ಮೊದಲೇ ತೆರೆದಿತ್ತು.

ಮೂರನೆಯ ಪಂಗಡದ್ದು ಒಂದೇ ತೀರ್ಪು: "ಮೈಕೋ ಹೋಗಿದೆ." 1951ರಲ್ಲಿ ಶುರುವಾದ ಮೈಕೋ ಕಂಪನಿ 2008ರಲ್ಲಿ ಬಾಷ್ ಆಯಿತು, ಆದರೆ ನಮ್ಮವರಿಗೆ ಇಂಜೆಕ್ಷನ್ ಪಂಪು ಯಾರದೇ ಆಗಿರಲಿ, ಅದು ಮೈಕೋನೇ. ಅದಕ್ಕೆ ಕೈಹಾಕುವುದೆಂದರೆ ಚಿಕ್ಕಪ್ಪನಿಗೆ ಎದೆ ಝಲ್ಲೆನ್ನುತ್ತದೆ. ಒಳಗಿನ ಪ್ಲಂಜರಿಗೂ ಬ್ಯಾರಲ್ಲಿಗೂ ನಡುವಿನ ಸಂದು, ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಎರಡು ಮೂರು ಪಾಲು. ಬಿಲ್ಲಿಗೆ ಮಾತ್ರ ಅಂಥ ಸೂಕ್ಷ್ಮತೆ ಇರುವುದಿಲ್ಲ.

ಕೊನೆಗೆ ಚಿಂತಾಮಣಿಯಿಂದ ಬಂದ ಮೆಕ್ಯಾನಿಕ್ ಭಾಯ್ ಸ್ಪ್ಯಾನರನ್ನೇ ತೆಗೆಯಲಿಲ್ಲ. ಒಂದು ಕ್ಯಾನಿನಲ್ಲಿ ಡೀಸೆಲ್ ತುಂಬಿಸಿ, ಇಂಜಿನ್ನಿಗಿಂತ ಎತ್ತರಕ್ಕೆ ಗೂಟ ಕಟ್ಟಿ ನೇತುಹಾಕಿ, ಫೀಡ್ ಪಂಪು ದಾಟಿಸಿ ನೇರ ಫಿಲ್ಟರಿಗೆ ಪೈಪು ಕೊಟ್ಟ. ಸರ್ಕಾರಿ ಆಸ್ಪತ್ರೆಯ ರೋಗಿ ಸಲೈನ್ ಬಾಟಲಿ ಸಮೇತ ವಾಕಿಂಗ್ ಹೊರಟ ಹಾಗೆ ಟ್ರಾಕ್ಟರು ಏರಿ ಹತ್ತಿ, ಆಚೆ ಇಳಿದು, ತಿರುಗಿ ಬಂತು. ಮೈಕೋ ನಿರ್ದೋಷಿ. ತಾನಾಗಿ ಇಳಿದುಬರುವ ಎಣ್ಣೆಯಲ್ಲಿ ಓಡುತ್ತದೆಂದರೆ ಸೋತಿರುವುದು ಎತ್ತಿಕೊಡುವ ಫೀಡ್ ಪಂಪು.

ಆಮೇಲೆ ಭಾಯ್ ಕೇಳಿದ: "ಯಜಮಾನ್ರೇ, ಆಯಿಲ್ ಯಾವಾಗ ಹಾಕಿದ್ರಿ?"

ಚಿಕ್ಕಪ್ಪನ ಮುಖ ಅರಳಿತು. ಅವರು ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಸಂತೋಷ ಅದು. "ಹಾಕೋದೇ ಬೇಡ ಭಾಯ್. ಬೇರೆಯೋರ ಇಂಜಿನ್ ಆಯಿಲ್ ಕುಡಿಯುತ್ತೆ. ನಮ್ದು ವಾರ ವಾರಕ್ಕೆ ಒಂದಿಷ್ಟು ಜಾಸ್ತೀನೇ ಮಾಡುತ್ತೆ!"

ಭಾಯ್ ಆಯಿಲ್ ಅಳೆಯುವ ಕಡ್ಡಿ ಎಳೆದು ಮೂಸಿ, ನನ್ನ ಮೂಗಿಗೂ ಹಿಡಿದ. ಡೀಸೆಲ್. ಫೀಡ್ ಪಂಪಿನೊಳಗಿನ ರಬ್ಬರಿನ ಡಯಾಫ್ರಂ ಹರಿದು, ಮೇಲಕ್ಕೆ ಹೋಗಬೇಕಾದ ಎಣ್ಣೆ ಸದ್ದಿಲ್ಲದೆ ಇಂಜಿನ್ ಆಯಿಲಿಗೆ ಬಂದು ಸೇರುತ್ತಿತ್ತು. ಆಯಿಲು ನೀರಾಗಿತ್ತು, ಇನ್ನಷ್ಟು ದಿನ ಓಡಿಸಿದ್ದರೆ ಬೇರಿಂಗುಗಳು ಹೋಗುತ್ತಿದ್ದವು. ಅಕ್ಷಯಪಾತ್ರೆಯ ರಹಸ್ಯ ಬಯಲಾದಾಗ ಚಿಕ್ಕಪ್ಪನಿಗೆ ಆದ ದುಃಖ, ದ್ರಾಕ್ಷಿ ಬಳ್ಳಿ ಕಿತ್ತಾಗಲೂ ಆಗಿರಲಿಲ್ಲವೇನೋ.

ಕಿಟ್ಟು ಚಿಕ್ಕಬಳ್ಳಾಪುರದಲ್ಲಿ ಸಿಕ್ಕಿತು: ಅಂಗೈಯಗಲದ ರಬ್ಬರು, ಒಂದು ಸ್ಪ್ರಿಂಗು, ವಾಷರುಗಳು. ಹೊಸ ಆಯಿಲು ಸುರಿದು ಸ್ಟಾರ್ಟ್ ಮಾಡಿದರೆ, ಏರ್ ಎಂದವರು, ಮುಚ್ಚಳ ಎಂದವರು, ಮೈಕೋ ಎಂದವರು ಎಲ್ಲರೂ ತಾವು ಹೇಳಿದ್ದೇ ಸರಿಯಾಯಿತೆಂದು ತಲೆಯಾಡಿಸಿದರು. ಟ್ರಾಕ್ಟರು ಭರ್ತಿ ಹೇರು ಹೊತ್ತು ಏರಿ ದಾಟಿತು. ಚಿಕ್ಕಪ್ಪ, ಬಗ್ಗಿಕೊಂಡೇ.

ಅತ್ತ ರೇಷ್ಮೆ ಹುಳುಮನೆಯಲ್ಲಿ ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದ ಹುಳುಗಳು ಹಗಲು ರಾತ್ರಿ ಸೊಪ್ಪು ಕೇಳುತ್ತಿದ್ದವು. ಕಡ್ಡಿಸೊಪ್ಪು ಹೊತ್ತು ಹಾಕಿ ಚಿಕ್ಕಮ್ಮನ ಸೊಂಟ ಬಿದ್ದುಹೋಗಿತ್ತು. ಟ್ರಾಕ್ಟರಿನ ಸದ್ದು ಕೇಳಿ ಬಾಗಿಲಿಗೆ ಬಂದವರು ಗಂಡನ ಕೈ ನೋಡಿ ಅಲ್ಲೇ ಕೂಗಿದರು: "ಏನ್ರೀ, ಡೀಸೆಲ್ ನಾತ! ಈ ಕಡೆ ಕಾಲಿಟ್ಟೀರ, ಹುಳ ಸೊಪ್ಪು ಬಿಟ್ಟಾವು!"

"ಸರಿ ಕಣೇ, ಬರಲ್ಲ" ಎಂದು ಚಿಕ್ಕಪ್ಪ ಬಹಳ ವಿಧೇಯರಾಗಿ ಹೇಳಿದರು. ಆಮೇಲೆ ನನ್ನತ್ತ ತಿರುಗಿ, ಆ ಕ್ಯಾನು ಇತ್ತ ಕೊಡು ಎಂದು ಸನ್ನೆ ಮಾಡಿ, ಮೊಣಕೈವರೆಗೂ ಇನ್ನೊಂದಿಷ್ಟು ಸವರಿಕೊಂಡರು.